ಅನ್ನ ಹಾಕಿದ ಮಾತ್ರಕ್ಕೆ ನಾಯಿ ನಮ್ಮದಾಗುವುದೇ?

ದೀಪಾವಳಿ ಮುಗಿದ ವಾರದಲ್ಲಿ ನಮ್ಮ ಹಳ್ಳಿಗಳಲ್ಲಿ ಗುರುತಿಲ್ಲದ ಒಂದೆರಡು ನಾಯಿಗಳು ಕಾಣಿಸಿಕೊಳ್ಳುತ್ತವೆ. ಪಟಾಕಿ ಸದ್ದಿಗೆ ಬೆದರಿ, ಹಗ್ಗ ಹರಿದುಕೊಂಡು ಓಡಿ, ದಾರಿ ತಪ್ಪಿ ಬಂದವು ಅವು. ಜಾತ್ರೆ, ಸಂತೆ ಮುಗಿದ ಮಾರನೆಯ ದಿನವೂ ಹೀಗೆಯೇ. ಮನೆಯವರ ಗಾಡಿಯ ಹಿಂದೆ ಓಡಿಬಂದ ನಾಯಿ ಜನಜಂಗುಳಿಯಲ್ಲಿ ತಪ್ಪಿಸಿಕೊಂಡು, ಸಂಜೆಗೆ ಯಾರದೋ ಜಗಲಿಯ ಮುಂದೆ ಬಾಲ ಮುದುರಿಕೊಂಡು ಕುಳಿತಿರುತ್ತದೆ. ಹಾಲು ಕರೆಯುವ ಮನೆಯಲ್ಲಿ ನೀರಿನ ತೊಟ್ಟಿ ಇರುತ್ತದೆ, ಕೊಟ್ಟಿಗೆಯ ನೆರಳು ಇರುತ್ತದೆ, ಮಿಕ್ಕ ಮುದ್ದೆಯ ತುಂಡೋ ತಂಗಳನ್ನವೋ ಇರುತ್ತದೆ. ಹಾಗಾಗಿ ಅಂಥ ನಾಯಿ ಕೊನೆಗೆ ಬಂದು ನಿಲ್ಲುವುದು ನಮ್ಮಂಥವರ ಬಾಗಿಲಿಗೇ.

ಆಮೇಲೆ ಆಗುವುದನ್ನು ಎಲ್ಲರೂ ನೋಡಿದ್ದೇವೆ. ಬಂದದ್ದು ನಾಡನಾಯಿಯಾದರೆ ಎರಡು ದಿನ ತುತ್ತು ಹಾಕಿ, ಮೂರನೆಯ ದಿನ ಕೋಲು ತೋರಿಸುತ್ತಾರೆ. ಮುಧೋಳ ನಾಯಿಯೋ ಪೇಟೆಯ ಜಾತಿ ನಾಯಿಯೋ ಆದರೆ ಕತ್ತಲಾಗುವುದರೊಳಗೆ ಅದರ ಕೊರಳಿಗೆ ಹೊಸ ಹಗ್ಗ ಬೀಳುತ್ತದೆ. "ನಮ್ಮ ಅದೃಷ್ಟಕ್ಕೆ ಬಂತು" ಎನ್ನುತ್ತಾರೆ. ಓಡಿಸುವವರೂ ಕಟ್ಟಿಕೊಳ್ಳುವವರೂ ಕೇಳದೆ ಬಿಡುವ ಪ್ರಶ್ನೆ ಒಂದೇ: ಇದು ಯಾರ ಮನೆಯದು?

ನನ್ನ ಅಭಿಪ್ರಾಯ ಇಷ್ಟು. ಬೆಲ್ಟಿನ ಗುರುತೋ ಹಗ್ಗದ ಗುರುತೋ ಕೊರಳಲ್ಲಿರುವ, ಮನುಷ್ಯರ ಕೈಗೆ ಒಗ್ಗಿರುವ ನಾಯಿಗೆ ಎಲ್ಲೋ ಒಂದು ಮನೆ ಇದೆ. ಆ ಮನೆ ಹುಡುಕುವುದು ತುತ್ತು ಹಾಕಿದವರ ಕರ್ತವ್ಯ. ಹುಡುಕುವುದಕ್ಕೆ ನಮ್ಮ ಹಾಲಿನ ಡೇರಿಗಿಂತ ಒಳ್ಳೆಯ ಜಾಗ ಊರಿನಲ್ಲಿ ಇನ್ನೊಂದಿಲ್ಲ.

ಕಳೆದುಕೊಂಡವಳ ಕಡೆಯಿಂದ ನೋಡಿ

"ನಾಯಿ ತಾನೇ, ಇನ್ನೊಂದು ಮರಿ ತಂದುಕೊಂಡರಾಯಿತು" ಎನ್ನುವವರು ಬಹಳ. ಹೀಗೆ ಹೇಳುವವರು ಸಾಮಾನ್ಯವಾಗಿ ಬೆಳಗಿನ ನಾಲ್ಕೂವರೆಗೆ ಎದ್ದು ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗುವವರಲ್ಲ. ಹೋಗುವವರು ನಾವು. ಹುಲ್ಲಿನ ಬಣವೆಯ ಹತ್ತಿರ ಹಾವಿದ್ದರೆ ಮೊದಲು ನಿಂತು ಬೊಗಳುವುದು ನಾಯಿ. ತೋಟದ ಮನೆಯ ಕರುವಿಗೆ ಚಿರತೆ ಹೊಂಚು ಹಾಕಿದರೆ ಸದ್ದು ಮಾಡುವುದು ನಾಯಿ. ಗಂಡಸರು ಕೂಲಿಗೆ, ಪೇಟೆಗೆ ಹೋದ ಮನೆಯಲ್ಲಿ ಅಪರಿಚಿತರು ಬಂದರೆ ಅಂಗಳದಲ್ಲೇ ತಡೆದು ನಿಲ್ಲಿಸುವುದೂ ಅದೇ. ಒಂಟಿ ಹೆಂಗಸಿಗೆ ನಾಯಿ ಹೋದರೆ ರಾತ್ರಿಯ ನಿದ್ದೆಯೇ ಹೋದಂತೆ.

ನಮ್ಮ ಕಡೆ ನಡೆದ ಒಂದು ಸಂಗತಿ ಹೇಳುತ್ತೇನೆ. ತೋಟದ ಮನೆಯಲ್ಲಿ ಎರಡು ಹಸು ಕಟ್ಟಿಕೊಂಡು ಒಬ್ಬರೇ ಇರುವ ತಾಯಿಯೊಬ್ಬರ ಹೆಣ್ಣುನಾಯಿ ಗಣಪತಿ ಬಿಡುವ ದಿನ ತಮಟೆ, ಪಟಾಕಿಗೆ ಹೆದರಿ ಓಡಿಹೋಯಿತು. ಅವರು ಊರೆಲ್ಲ ಹುಡುಕಿದರು, ಕೆರೆ ಏರಿಯ ಮೇಲೆ ನಿಂತು ಕೂಗಿದರು. ಮೂರು ತಿಂಗಳು ಸುಳಿವಿಲ್ಲ. ಅಷ್ಟೂ ದಿನ ಆ ನಾಯಿ ಆರು ಕಿಲೋಮೀಟರ್ ಆಚೆ ಇನ್ನೊಂದು ಹಾಲಿನ ಮನೆಯಲ್ಲಿ ಚೆನ್ನಾಗಿಯೇ ಇತ್ತು. ಎರಡೂ ಊರಿನ ಡೇರಿಗೆ ದಿನಾ ಬರುತ್ತಿದ್ದುದು ಒಂದೇ ಹಾಲಿನ ಗಾಡಿ. ಒಬ್ಬರು ಒಂದು ಮಾತು ಕೇಳಿದ್ದರೆ, ಇನ್ನೊಬ್ಬರು ಒಂದು ಚೀಟಿ ಬರೆದು ಕೊಟ್ಟಿದ್ದರೆ, ಮಾರನೆಯ ಬೆಳಿಗ್ಗೆಯೇ ಮುಗಿಯುವ ಕೆಲಸ. ಕೊನೆಗೆ ಆ ತಾಯಿ ಯಾರದೋ ಸೀಮಂತಕ್ಕೆಂದು ಆ ಊರಿಗೆ ಹೋದಾಗ ನಾಯಿಯೇ ಅವರನ್ನು ಗುರುತು ಹಿಡಿಯಿತು.

ಆಗ ಜಗಳ ಶುರುವಾಯಿತು. "ಮೂರು ತಿಂಗಳು ಅನ್ನ ಹಾಕಿದ್ದೇವೆ, ಮಕ್ಕಳು ಹಚ್ಚಿಕೊಂಡಿದ್ದಾರೆ, ಹೇಗೆ ಕೊಡುವುದು?" ಎಂದರು ಆ ಮನೆಯವರು. ಅವರು ಕೆಟ್ಟವರಲ್ಲ. ಮಳೆಯಲ್ಲಿ ನೆನೆದು ಬಂದ ಜೀವಕ್ಕೆ ಆಸರೆ ಕೊಟ್ಟವರು. ಇಬ್ಬರ ಮಾತಿನಲ್ಲೂ ನ್ಯಾಯ ಇದ್ದದ್ದರಿಂದಲೇ ಪಂಚಾಯ್ತಿ ಕಷ್ಟವಾಯಿತು. ಹಿರಿಯರು ಸೇರಿ ನಾಯಿಯನ್ನು ಹಳೆಯ ಮನೆಗೇ ಕಳಿಸಿದರು. ಅದು ಮುಂದೆ ಮರಿ ಹಾಕಿದಾಗ ಮೊದಲ ಮರಿ ಸಾಕಿದ ಮನೆಗೆ ಎಂದು ಮಾತಾಯಿತು. ನನಗೆ ಇದು ಸರಿಯಾದ ತೀರ್ಮಾನ ಎನಿಸುತ್ತದೆ. ಸಾಕಿದ ಋಣ ದೊಡ್ಡದು, ಅದನ್ನು ತೀರಿಸಬೇಕಾದವರು ಯಜಮಾನರು. ಆದರೆ ಸಾಕಿದ ಋಣಕ್ಕೆ ನಾಯಿಯನ್ನೇ ಜಪ್ತಿ ಮಾಡಿಕೊಳ್ಳಲು ಬರುವುದಿಲ್ಲ. ಇನ್ನೊಬ್ಬರ ಹಸು ನಮ್ಮ ಹೊಲದಲ್ಲಿ ಮೂರು ತಿಂಗಳು ಮೇಯ್ದರೆ ಅದು ನಮ್ಮದಾಗುತ್ತದೆಯೇ?

ಕೇಳಿ ಪಡೆದ ನಾಯಿಯ ಕಲ್ಲು

ನಾಯಿಯ ಒಡೆತನಕ್ಕೆ ಬೆಲೆ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಳೆಯ ಒಂದು ಶಾಸನ ಸಿಕ್ಕಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಮಣಲೆರ ಎಂಬ ವೀರ ಚೆನ್ನಾಗಿ ಕಾದಾಡಿದ. ಮೆಚ್ಚಿದ ದೊರೆ, ಬೇಕಾದ್ದು ಕೇಳಿಕೋ ಎಂದ. ಊರು, ಹೊನ್ನು ಏನು ಬೇಕಾದರೂ ಕೇಳಬಹುದಿತ್ತು. ಮಣಲೆರ ಕೇಳಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು.

ಕಾಳಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದು ಕೇಳಿ, ಕೊಟ್ಟು. ನಾಯಿ ಎಷ್ಟೇ ಇಷ್ಟವಾಗಲಿ, ಅದನ್ನು ಪಡೆಯುವ ದಾರಿ ಅದು. ಇಷ್ಟವಾಯಿತೆಂದು ದಾರಿಯಲ್ಲಿ ಸಿಕ್ಕಿದ್ದನ್ನು ಇಟ್ಟುಕೊಳ್ಳುವುದು ಬೇರೆ ವಿಷಯ.

ಕಾನೂನು ಏನು ಹೇಳುತ್ತದೆ?

ಇಂದಿನ ಕಾನೂನೂ ಇದನ್ನೇ ಹೇಳುತ್ತದೆ. ನಾಯಿ ಕಾನೂನಿನ ಕಣ್ಣಿಗೆ ಒಂದು ಸ್ವತ್ತು. 1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಮಿನ ಪ್ರಕಾರ, ಬೇರೆಯವರ ಸ್ವತ್ತು ಸಿಕ್ಕಿ ಅದನ್ನು ತನ್ನ ವಶಕ್ಕೆ ತೆಗೆದುಕೊಂಡವರು ಅದರ ಕಾವಲುಗಾರರು ಮಾತ್ರ. ನಂಬಿ ಒಪ್ಪಿಸಿದ ವಸ್ತುವನ್ನು ಹೇಗೆ ಜೋಪಾನ ಮಾಡಬೇಕೋ ಹಾಗೆ ಮಾಡಬೇಕು. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಇನ್ನೂ ಬಿಡಿಸಿ ಹೇಳುತ್ತದೆ: ಮಾಲೀಕರಿಗೆ ಹಿಂದಿರುಗಿಸಲೆಂದು ಸಿಕ್ಕ ಸ್ವತ್ತನ್ನು ಇಟ್ಟುಕೊಂಡರೆ ಅಪರಾಧವಲ್ಲ. ಆದರೆ ಮಾಲೀಕರು ಯಾರೆಂದು ಗೊತ್ತಿದ್ದೂ, ಅಥವಾ ಗೊತ್ತುಮಾಡಿಕೊಳ್ಳುವ ದಾರಿ ಇದ್ದೂ, ತಕ್ಕಷ್ಟು ಹುಡುಕದೆ, ತಕ್ಕಷ್ಟು ಕಾಲ ಕಾಯದೆ ತಮ್ಮದಾಗಿಸಿಕೊಂಡರೆ ಅದು ಶಿಕ್ಷೆಯಾಗುವ ಅಪರಾಧ.

ಖರ್ಚಿನ ಮಾತೂ ಕರಾರು ಕಾಯ್ದೆಯಲ್ಲಿದೆ. ಸಿಕ್ಕಿದವರು ತಾವಾಗಿ ಪಟ್ಟ ಶ್ರಮ, ಮಾಡಿದ ಖರ್ಚಿಗೆಂದು ದಾವೆ ಹಾಕಲು ಬರುವುದಿಲ್ಲ. ಆದರೆ ಆ ಖರ್ಚು ಕೊಡುವವರೆಗೆ ಸ್ವತ್ತನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ಮಾಲೀಕರು ಮೊದಲೇ ಇಂತಿಷ್ಟು ಬಹುಮಾನ ಎಂದು ಸಾರಿದ್ದರೆ ಅದನ್ನು ಕೇಳುವ ಹಕ್ಕಿದೆ. ಕಾನೂನು ಹೀಗಿದ್ದರೂ ನಮ್ಮ ನಮ್ಮಲ್ಲಿ ನಾಯಿಯನ್ನು ಒತ್ತೆ ಇಟ್ಟುಕೊಂಡು ಲೆಕ್ಕ ಕೇಳುವುದು ಚೆಂದವಲ್ಲ. ಯಜಮಾನರು ತಾವಾಗಿ ಮದ್ದಿನ ಖರ್ಚು ಕೊಟ್ಟು, ಎಲೆ ಅಡಿಕೆ, ಹಣ್ಣು ಇಟ್ಟು ನಾಯಿ ಕರೆದುಕೊಂಡು ಹೋಗಬೇಕು. ಅದೇ ಮರ್ಯಾದೆ.

ಹಸುವಿಗೆ ನಂಬರ್ ಇದೆ, ನಾಯಿಗೆ ಏನಿದೆ?

ನಮ್ಮ ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆ. ಹಸು ತಪ್ಪಿಸಿಕೊಂಡರೆ ಆ ನಂಬರ್ ಹಾಕಿ ನೋಡಿದರೆ ಯಾರ ಹಸು, ಯಾವ ಊರು ಎಂದು ಪಶು ಆಸ್ಪತ್ರೆಯಲ್ಲಿ ತಿಳಿಯುತ್ತದೆ. ತುಡುಗು ದನಗಳನ್ನು ಕೂಡಿಹಾಕಲು ಊರಿನಲ್ಲಿ ದೊಡ್ಡಿ ಎಂಬುದೂ ಇತ್ತು. ನಾಯಿಗೆ ಆ ಓಲೆಯೂ ಇಲ್ಲ, ದೊಡ್ಡಿಯೂ ಇಲ್ಲ. ಪೇಟೆಯ ಕೆಲವು ಸಾಕುನಾಯಿಗಳಿಗೆ ಚರ್ಮದ ಕೆಳಗೆ 15 ಅಂಕಿಯ ಮೈಕ್ರೋಚಿಪ್ ಹಾಕಿರುತ್ತಾರೆ. ಜಾತಿ ನಾಯಿ ಸಿಕ್ಕರೆ ಚಿಪ್ ಓದುವ ಯಂತ್ರ ಎಲ್ಲಿದೆ ಎಂದು ಪಶು ವೈದ್ಯರನ್ನು ವಿಚಾರಿಸುವುದು ಒಳ್ಳೆಯದು. ಉಳಿದ ನಾಯಿಗಳಿಗೆ ಇರುವ ಆಧಾರ ನಮ್ಮ ಕಣ್ಣು, ನಮ್ಮ ಬಾಯಿ.

ಇಲ್ಲಿ ಡೇರಿಯ ಮಾತು ಬರುತ್ತದೆ. ದಿನಕ್ಕೆ ಎರಡು ಸಲ ಊರಿನ ಅಷ್ಟೊಂದು ಮನೆಯವರು ಒಂದೇ ಕಡೆ ಸಾಲಾಗಿ ನಿಲ್ಲುವ ಜಾಗ ಬೇರೆ ಯಾವುದಿದೆ? ಕ್ಯಾನು ಇಳಿಸಿ, ಫ್ಯಾಟು ನೋಡಿಸಿ, ಚೀಟಿ ಕೈಗೆ ಬರುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಗೊತ್ತಾಗಿರುತ್ತದೆ. ಹಾಲಿನ ಗಾಡಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ. ಕಾರ್ಯದರ್ಶಿಗಳ ಹತ್ತಿರ ಅಕ್ಕಪಕ್ಕದ ಸಂಘಗಳ ಫೋನ್ ನಂಬರ್ ಇರುತ್ತದೆ. ಇಷ್ಟೆಲ್ಲ ಇದ್ದೂ ನಾಯಿ ಆರು ಕಿಲೋಮೀಟರ್ ಆಚೆ ಮೂರು ತಿಂಗಳು ಇದ್ದರೆ, ಕೊರತೆ ಇರುವುದು ಕೇಳುವ ಅಭ್ಯಾಸದಲ್ಲಿ.

"ಹಾಲಿನ ಸಂಘಕ್ಕೂ ನಾಯಿಗೂ ಏನು ಸಂಬಂಧ?" ಎಂದು ಕೆಲವರು ಕೇಳಬಹುದು. ಸಹಕಾರದ ಏಳು ತತ್ವಗಳಲ್ಲಿ ಏಳನೆಯದು ಸಮುದಾಯದ ಬಗ್ಗೆ ಕಾಳಜಿ. ನೋಟಿಸ್ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸುವುದಕ್ಕೆ ಸಂಘಕ್ಕೆ ಖರ್ಚಿಲ್ಲ. ಹಾಲಿನ ಸರತಿ ತಡವಾಗುವುದೂ ಇಲ್ಲ.

ನಾಯಿ ಸಿಕ್ಕಾಗ

ಮೊದಲು ನಿಮ್ಮ ಕ್ಷೇಮ. ಜೊಲ್ಲು ಸುರಿಸುವ, ತೂರಾಡುವ, ದನಿ ಬದಲಾದ, ಕಾರಣವಿಲ್ಲದೆ ಕಚ್ಚಲು ಬರುವ ನಾಯಿಯನ್ನು ಹಿಡಿಯಲು ಹೋಗಬೇಡಿ. ಹುಚ್ಚುನಾಯಿ ರೋಗ ಬಂದ ನಾಯಿಯೂ ಮನೆ ಬಿಟ್ಟು ಅಲೆಯುತ್ತದೆ. ಮಕ್ಕಳನ್ನು, ದನಗಳನ್ನು ದೂರ ಇಟ್ಟು ಪಶು ಆಸ್ಪತ್ರೆಗೆ, ಪಂಚಾಯ್ತಿಗೆ ತಿಳಿಸಿ. ಪಶು ಸಹಾಯವಾಣಿ 1962. ಯಾವುದೇ ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿಸಿ. ಅರಿಶಿನ, ಸುಣ್ಣ, ಕಾರದ ಪುಡಿ ಹಚ್ಚಬೇಡಿ. ಕಚ್ಚಿದ ನಾಯಿಯ ಮೇಲೆ 10 ದಿನ ಕಣ್ಣಿಡಲು ವೈದ್ಯರು ಹೇಳುತ್ತಾರೆ. ಆಗಲೂ ಯಜಮಾನರು ಸಿಕ್ಕರೆ ನಾಯಿಗೆ ಮದ್ದು ಹಾಕಿಸಿದ್ದಾರೆಯೇ ಎಂದು ತಿಳಿಯುತ್ತದೆ. ಆದರೆ ಆ ಉತ್ತರಕ್ಕೆ ಕಾಯುತ್ತಾ ನಮ್ಮ ಚುಚ್ಚುಮದ್ದನ್ನು ಮುಂದೂಡಬಾರದು.

ನಾಯಿ ಸೌಮ್ಯವಾಗಿದ್ದರೆ ನೀರು, ಅನ್ನ ಕೊಟ್ಟು, ಗೋದಲಿ ಮತ್ತು ಮೇವಿನ ಬಣವೆಯಿಂದ ದೂರ ಕಟ್ಟಿ. ನಾಯಿಯ ಮಲ ಮೇವಿಗೆ ಸೇರಿದರೆ ಹಸುಗಳು ಕಂದು ಹಾಕುವ ರೋಗವೊಂದು ಹರಡಬಹುದು. ಉಣ್ಣೆಯೂ ದಾಟಬಹುದು. ಕಿವಿ ನೋಡಿ. ಕಿವಿಯ ತುದಿ ನೀಟಾಗಿ ಕತ್ತರಿಸಿದ್ದರೆ ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಬಿಟ್ಟ ಬೀದಿನಾಯಿಯ ಗುರುತು. ಅದನ್ನು ಕಟ್ಟಿಹಾಕದೆ ಅದರ ಬೀದಿಯಲ್ಲೇ ಬಿಡುವುದು ಸರಿ.

ಆಮೇಲೆ ಡೇರಿಯಲ್ಲಿ ಹೇಳಿ, ಬೋರ್ಡಿನಲ್ಲಿ ಬರೆಸಿ. ಪಕ್ಕದ ಸಂಘಗಳಿಗೆ ಫೋಟೊ ಕಳಿಸಿ. ಆದರೆ ಎಲ್ಲವನ್ನೂ ಬರೆಯಬೇಡಿ. "ಕಂದು ಬಣ್ಣದ ನಾಯಿ ಸಿಕ್ಕಿದೆ" ಎಂದಷ್ಟೇ ಇರಲಿ, ಫೋಟೊ ಒಂದು ಮಗ್ಗುಲಿನದಿರಲಿ. ಹಿಂಗಾಲಿನ ಬಿಳಿ ಬೆರಳು, ಹೊಟ್ಟೆಯ ಕೆಳಗಿನ ಹಳೇ ಗಾಯದ ಕಲೆ, ಬೆಲ್ಟಿನ ಬಣ್ಣ, ಇಂಥ ಒಂದೆರಡು ಗುರುತನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ನನ್ನದು ಎಂದು ಬಂದವರು ಅದನ್ನು ಹೇಳಲಿ. ಮದ್ದಿನ ಕಾರ್ಡು, ಹಳೆಯ ಫೋಟೊ ತೋರಿಸಲಿ. ನಾಯಿ ಬಾಲ ಅಲ್ಲಾಡಿಸಿತು ಎಂಬುದೊಂದೇ ಸಾಕ್ಷಿಯಲ್ಲ. ಬಿಸ್ಕತ್ತು ಕೊಟ್ಟವರಿಗೆಲ್ಲ ಅದು ಬಾಲ ಅಲ್ಲಾಡಿಸುತ್ತದೆ. ಹೆದರಿದ ನಾಯಿ ನಿಜವಾದ ಯಜಮಾನರು ಬಂದರೂ ಮೊದಲ ಕ್ಷಣ ಹಿಂಜರಿಯಬಹುದು. ಜಾತಿ ನಾಯಿಯನ್ನು ಮಾರಿ ಹಣ ಮಾಡುವವರೂ ಇದ್ದಾರೆ, ಜೋಕೆ. ಒಪ್ಪಿಸುವಾಗ ಇಬ್ಬರು ಸದಸ್ಯೆಯರ ಎದುರು ಪುಸ್ತಕದಲ್ಲಿ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಿ.

ಕುರಿ ಮಂದೆಯ ನಾಯಿ ಮರೆಯಬೇಡಿ

ಬೋರ್ಡ್ ಓದದ, ಫೋಟೊ ತಲುಪದ ಯಜಮಾನರೂ ಇದ್ದಾರೆ. ಬೇಸಿಗೆಯ ಮುಂಚೆ ಕುರಿ ಮಂದೆ ಹೊಡೆದುಕೊಂಡು ಜಿಲ್ಲೆ ಜಿಲ್ಲೆ ದಾಟುವ ಕುರಿಗಾಹಿಗಳು ಅವರು. ಅವರ ಮಂದೆಯ ನಾಯಿ ಮುಳ್ಳು ಚುಚ್ಚಿ ಹಿಂದೆ ಉಳಿಯುತ್ತದೆ, ಇಲ್ಲವೇ ಊರ ನಾಯಿಗಳ ಜಗಳದಲ್ಲಿ ದಾರಿ ತಪ್ಪುತ್ತದೆ. ಮಂದೆ ಅಷ್ಟರಲ್ಲಿ ಮುಂದಿನ ಊರಿಗೆ ಹೋಗಿರುತ್ತದೆ. ತೋಳ ಬರುವ ಬಯಲಿನಲ್ಲಿ ಆ ನಾಯಿ ಇಲ್ಲದೆ ಒಂದು ರಾತ್ರಿ ಕಳೆದರೆ ಮರಿಗಳು ಹೋಗುತ್ತವೆ. ಕುರಿ ವಾಸನೆಯ, ಒರಟು ಹಗ್ಗದ ಅಂಥ ನಾಯಿ ಸಿಕ್ಕರೆ, ಮಂದೆ ಯಾರ ಹೊಲದಲ್ಲಿ ಗೊಬ್ಬರಕ್ಕೆ ನಿಂತಿತ್ತು ಎಂದು ಕೇಳಿ. ಹೊಲದವರ ಹತ್ತಿರ ಕುರಿಯವರ ಫೋನ್ ನಂಬರ್ ಇರುತ್ತದೆ. ಇಲ್ಲವಾದರೆ ಹಾಲಿನ ಗಾಡಿಯವರ ಕೈಯಲ್ಲಿ ಮುಂದಿನ ಊರುಗಳಿಗೆ ಮಾತು ಕಳಿಸಿ. ಇದು ತಡ ಮಾಡುವ ಕೆಲಸವಲ್ಲ. ಮಂದೆ ದಿನದಿನವೂ ದೂರವಾಗುತ್ತಿರುತ್ತದೆ.

ಹಿಂದಿರುಗಿಸಬಾರದ ಸಂದರ್ಭ

ಎಲ್ಲ ನಾಯಿಯನ್ನೂ ಕಣ್ಣು ಮುಚ್ಚಿ ಹಿಂದಕ್ಕೆ ಕೊಡಿ ಎಂದು ನಾನು ಹೇಳುವುದಿಲ್ಲ. ಕೊರಳಿಗೆ ತಂತಿ ಕೊಯ್ದ ಗಾಯ, ಬರೆಯ ಗುರುತು, ಎಲುಬು ಕಾಣುವ ಮೈ ಇದ್ದರೆ ಅದು ದಾರಿ ತಪ್ಪಿದ್ದೋ ತಪ್ಪಿಸಿಕೊಂಡು ಬಂದದ್ದೋ ಎಂದು ಯೋಚಿಸಬೇಕು. ಪ್ರಾಣಿಯನ್ನು ಹಿಂಸಿಸುವುದು, ಗಿಡ್ಡ ಸರಪಳಿಯಲ್ಲಿ ಸದಾ ಕಟ್ಟಿಹಾಕುವುದು, ಬೇಡವೆಂದು ಎಲ್ಲೋ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದರೆ "ಅವರು ಸರಿಯಾಗಿ ನೋಡಿಕೊಳ್ಳುತ್ತಿರಲಿಲ್ಲ" ಎಂಬುದು ನಾವೇ ಕೊಡುವ ತೀರ್ಪಾಗಬಾರದು. ನಾಯಿ ಮೇಲೆ ಆಸೆಯಾದಾಗ ಎಲ್ಲರಿಗೂ ಹಾಗೆಯೇ ಕಾಣುತ್ತದೆ. ಮೂರು ದಿನ ದಾರಿ ತಪ್ಪಿದ ನಾಯಿಯೂ ಬಡಕಲಾಗಿರುತ್ತದೆ. ಪಶು ವೈದ್ಯರು ನೋಡಿ ಹೇಳಲಿ, ಬೇಕಾದರೆ ಪೊಲೀಸರಿಗೆ ತಿಳಿಸಲಿ.

ಯಾರೂ ಬರದಿದ್ದರೆ? ಒಂದು ತಿಂಗಳು ಬೋರ್ಡಿನಲ್ಲಿ ಚೀಟಿ ಇರಲಿ. ಕಾನೂನಿನಲ್ಲಿ ಇಷ್ಟೇ ದಿನ ಎಂದಿಲ್ಲ, ತಕ್ಕಷ್ಟು ಕಾಲ ಎಂದಿದೆ. ನಮ್ಮ ಹಳ್ಳಿಗಳ ಮಟ್ಟಿಗೆ ತಿಂಗಳು ನ್ಯಾಯವಾದ ಕಾಲ. ಆಮೇಲೆ ಪುಸ್ತಕದಲ್ಲಿ ಬರೆಸಿ, ಮದ್ದು ಹಾಕಿಸಿ, ಸಾಕಲು ಇಷ್ಟವಿದ್ದವರು ಸಾಕಲಿ. ಆಮೇಲೂ ಯಜಮಾನರು ಬಂದರೆ ಕುಳಿತು ಮಾತಾಡಬೇಕು, ಮೇಲೆ ಹೇಳಿದ ಎರಡು ಮನೆಯವರ ಹಾಗೆ.

ನಮ್ಮ ನಾಯಿಗೆ ನಾವು ಮಾಡಬೇಕಾದ್ದು

ಬೇರೆಯವರು ಹುಡುಕಲಿ ಎನ್ನುವ ಮೊದಲು ಹುಡುಕಲು ಅವರಿಗೆ ದಾರಿ ಕೊಡಬೇಕು. ನಾಯಿಗೊಂದು ಬೆಲ್ಟ್ ಹಾಕಿ. ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಬೆಲ್ಟಿನ ಮೇಲೆ ಅಳಿಸದ ಮಾರ್ಕರ್ ಪೆನ್ನಿನಿಂದ ಫೋನ್ ನಂಬರ್ ಬರೆಯಿರಿ, ತಿಂಗಳಿಗೊಮ್ಮೆ ತಿದ್ದಿ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ ಕಾರ್ಡು ಜೋಪಾನ ಮಾಡಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸಮಯದಲ್ಲಿ ಎಷ್ಟೋ ಕಡೆ ಉಚಿತವಾಗಿ ಹಾಕುತ್ತಾರೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಎರಡೂ ಮಗ್ಗುಲಿನ ಫೋಟೊ ಫೋನಿನಲ್ಲಿರಲಿ. ಹಬ್ಬದ ರಾತ್ರಿ ನಾಯಿಯನ್ನು ಒಳಗೆ ಬಿಟ್ಟುಕೊಳ್ಳಿ. ನಾಯಿ ಕಾಣೆಯಾದರೆ ಅಂದು ಸಂಜೆಯೇ ಡೇರಿಯಲ್ಲಿ ಹೇಳಿ. ಸಂಕೋಚ ಬೇಡ.

ಸಹೋದರಿಯರೇ, ಮುಂದಿನ ತಿಂಗಳ ಸಭೆಯಲ್ಲಿ ನಿಮ್ಮ ಸಂಘದಲ್ಲಿ ಈ ಮಾತು ಎತ್ತಿ. ಒಂದು ನೂರು ಪುಟದ ನೋಟ್‌ಬುಕ್ ತರಿಸಿ, ಮೇಲೆ "ಸಿಕ್ಕ ಪ್ರಾಣಿ, ಕಳೆದ ಪ್ರಾಣಿ" ಎಂದು ಬರೆಸಿ, ಹಾಲು ಅಳೆಯುವ ಮೇಜಿನ ಹತ್ತಿರ ದಾರ ಕಟ್ಟಿ ನೇತುಹಾಕಿ. ಓದು ಬರಹ ಬಾರದವರ ಮಾತನ್ನು ಕಾರ್ಯದರ್ಶಿಯೋ ಹಾಲು ಪರೀಕ್ಷಕಿಯೋ ಬರೆದುಕೊಳ್ಳಲಿ. ನಾಯಿ, ಕರು, ಮೇಕೆ, ಏನೇ ಸಿಕ್ಕರೂ ಅದರಲ್ಲಿ ದಾಖಲಾಗಲಿ. ಹಾಲಿನ ಗಾಡಿ ನಾಳೆ ಬೆಳಿಗ್ಗೆಯೂ ಬರುತ್ತದೆ, ಅದರ ಜೊತೆ ಒಂದು ಚೀಟಿ ಹೋಗಬಹುದು.